ಟ್ರಿಪ್ಪಿಲ್ಲದ ದಿನಗಳ ಫ್ರಿಜ್ಜು

ಲೆಕ್ಕ ಹಾಕಿ ನೋಡಿದೆ. ನಮ್ಮ ಕ್ಯಾಂಪಿಂಗ್ ಫ್ರಿಜ್ಜು ವರ್ಷಕ್ಕೆ ಸುಮಾರು ನಾಲ್ಕು ಸಲ ಕಾರು ಹತ್ತುತ್ತದೆ. ಸಲಕ್ಕೆ ಮೂರು ದಿನ ಅಂತ ಹಿಡಿದರೂ ಒಟ್ಟು 12 ದಿನ. ಉಳಿದ 353 ದಿನ ಅದು ಯಾರದೋ ಮನೆಯ ಯಾವುದೋ ಮೂಲೆಯಲ್ಲಿ ಕೂತಿರುತ್ತದೆ. ಇಂಥದ್ದೊಂದನ್ನು ಕೊಳ್ಳುವಾಗ ನಾವು ಕೇಳುವ ಪ್ರಶ್ನೆಗಳೆಲ್ಲ ಆ 12 ದಿನಗಳ ಕುರಿತಾದವು. ಎಷ್ಟು ಲೀಟರ್, ಎಷ್ಟು ಬೇಗ ತಣ್ಣಗಾಗುತ್ತೆ, ಡಿಕ್ಕಿಯಲ್ಲಿ ಹಿಡಿಯುತ್ತಾ, ಬಿಯರ್ ಬಾಟ್ಲಿ ನಿಲ್ಲಿಸಬಹುದಾ. ಮಿಕ್ಕ 353 ದಿನ ಎಲ್ಲಿಡ್ತೀರಿ, ಹೇಗಿಡ್ತೀರಿ ಅಂತ ಅಂಗಡಿಯವನೂ ಕೇಳಲ್ಲ, ನಾವೂ ಕೇಳಲ್ಲ.

ಈ ಬರಹ ಆ 353 ದಿನಗಳ ಬಗ್ಗೆ.

ಫ್ರಿಜ್ಜು 40 ಲೀಟರಿನದು. ಕಾರಿನ 12 ವೋಲ್ಟಿಗೂ ಓಡುತ್ತದೆ, ಮನೆಯ ಪ್ಲಗ್ಗಿಗೂ ಓಡುತ್ತದೆ. ಇದರಲ್ಲಿ ನಾಲ್ಕು ಮನೆಯವರ ಪಾಲಿದೆ: ಗೋಕಾಕದಲ್ಲಿರುವ ಅಕ್ಕ, ಮೂಡಲಗಿಯ ಕಾಕಾನ ಮಗ, ಹುಕ್ಕೇರಿಯ ಅತ್ತಿ, ಬೆಂಗಳೂರಿನಲ್ಲಿರುವ ನಾನು. 12 ದಿನದ ಸುಖಕ್ಕೆ ಒಬ್ಬರೇ ಅಷ್ಟು ದುಡ್ಡು ಸುರಿಯುವುದು ಯಾಕೆ ಅಂತ ಕೂಡಿ ಕೊಂಡೆವು. ಹುಕ್ಕೇರಿಯವರಿಗೆ ಪಾಲುಗಾರಿಕೆ ಹೊಸದೇನಲ್ಲ. ಆ ತಾಲೂಕಿನಲ್ಲಿ ಮನೆಮನೆಗೆ ಕರೆಂಟು ಹಂಚುವುದೇ 1969ರಲ್ಲಿ ಹುಟ್ಟಿದ ಒಂದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಅತ್ತಿ ತನ್ನ ಪಾಲಿನ ದುಡ್ಡು ಎಣಿಸಿ ಕೊಡುತ್ತಾ, "ಲೈಟಿನ ಸಂಘಾನ ಕೂಡಿ ನಡಸ್ತೀವಿ, ಈ ಡಬ್ಬಿ ನಡಸೂದೇನ್ ದೊಡ್ಡದು" ಅಂದಿದ್ದಳು. ಅವತ್ತಿನಿಂದ ಅದರ ಹೆಸರು ಡಬ್ಬಿ.

ಮೂರೂ ಊರು ಬೆಳಗಾವಿ ಜಿಲ್ಲೆಯವೇ. ಹಿಡಕಲ್ ಡ್ಯಾಮು ಹುಕ್ಕೇರಿ ತಾಲೂಕಿನಲ್ಲಿದೆ. ಅಲ್ಲಿಂದ ಹೊರಟ ಘಟಪ್ರಭೆ ಗೋಕಾಕದ ಹತ್ತಿರ 52 ಮೀಟರ್ ಕೆಳಗೆ ಧುಮುಕಿ, ಮುಂದೆ ಮೂಡಲಗಿ ಕಡೆಗೆ ಹರಿಯುತ್ತದೆ. ಒಂದೇ ಹೊಳೆಯ ಸಾಲಿನ ಊರುಗಳಾದರೂ ಒಂದು ಫ್ರಿಜ್ಜನ್ನು ಇಡುವ ವಿಷಯಕ್ಕೆ ಬಂದರೆ ಮೂರೂ ಬೇರೆ ಬೇರೆ ದೇಶಗಳು. ಅದನ್ನು ಆಮೇಲೆ ಹೇಳ್ತೀನಿ.

ಮೊದಲು ತಕರಾರು ತೆಗೆದವರು ದೊಡ್ಡಪ್ಪ. "ಬುತ್ತಿಗೆ ಫ್ರಿಜ್ ಯಾಕೋ?" ಅವರ ಕಾಲದಲ್ಲಿ ಚಕ್ಕಡಿ ಕಟ್ಟಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದರು. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಒಣಖಾರ. ಹೋಗಿ ಬರುವ ತನಕ ಯಾವುದೂ ಕೆಡುತ್ತಿರಲಿಲ್ಲ. ಗೋಕಾಕದ ಕರದಂಟನ್ನೇ ನೋಡಿ. ಅಂಟು, ಬೆಲ್ಲ, ಒಣ ಕೊಬ್ಬರಿ, ಒಣಹಣ್ಣು ಸೇರಿಸಿ ಮಾಡುವ ಅದನ್ನು ಡಬ್ಬದಲ್ಲಿ ಹಾಕಿಕೊಂಡು ದಿನಗಟ್ಟಲೆ ತಿರುಗಬಹುದು. ನೀರಿನಂಶ ಇಲ್ಲದ ಕಡೆ ಕೊಳೆಸುವ ಜೀವಿಗಳಿಗೆ ಕೆಲಸವಿಲ್ಲ, ಅಷ್ಟೇ ಅದರ ಗುಟ್ಟು. ತಂಪು ಬೇಡದ ಊಟ ಕಟ್ಟಿಕೊಂಡು ಹೋಗುವ ಸೀಮೆಯಲ್ಲಿ ತಂಪಿನ ಪೆಟ್ಟಿಗೆ ಯಾಕೆ ಅನ್ನೋದು ನ್ಯಾಯವಾದ ಪ್ರಶ್ನೆಯೇ.

ನಮ್ಮ ಉತ್ತರ ಎರಡು. ಒಂದು, ಹಾಲು, ಮೊಸರು, ಮಾಲವಣ ಕಡೆಯಿಂದ ಬರುವಾಗ ತರುವ ಮೀನು. ಇನ್ನೊಂದು, ಅವ್ವನ ಇನ್ಸುಲಿನ್. ಮೊದಲನೆಯದು ಕೆಟ್ಟರೆ ಚೆಲ್ಲಿದರಾಯಿತು. ಡಬ್ಬಿಯ ವಿಚಾರದಲ್ಲಿ ನಾವು ಇಷ್ಟು ಕಟ್ಟುನಿಟ್ಟಾಗಿರೋದು ಎರಡನೆಯದರಿಂದ.

ಅವ್ವ ಗೋಕಾಕದಲ್ಲಿ ಅಕ್ಕನ ಜೊತೆ ಇದ್ದಾಳೆ. ತೆರೆಯದ ಇನ್ಸುಲಿನ್ ಬಾಟಲಿ 2ರಿಂದ 8 ಡಿಗ್ರಿಯ ಒಳಗಿರಬೇಕು. ಬಳಸಲು ಶುರು ಮಾಡಿದ ಬಾಟಲಿ ತೀರಾ ಬಿಸಿಯಿಲ್ಲದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ತಡೆಯುತ್ತದೆ. ಯಾವ ಕಂಪನಿಯದು, ಎಷ್ಟು ದಿನ ಅನ್ನೋದು ಅದರ ಚೀಟಿಯಲ್ಲೇ ಇರುತ್ತದೆ, ಓದಿ. ನಮ್ಮ ಚಿಂತೆ ಇದ್ದದ್ದು ಎರಡು ಮೂರು ತಿಂಗಳಿಗಾಗುವಷ್ಟು ತಂದಿಟ್ಟ ದಾಸ್ತಾನಿನದು. ಬಿಸಿಗೆ ಹಾಳಾದ ಇನ್ಸುಲಿನ್ ಎಷ್ಟೋ ಸಲ ನೋಡೋಕೆ ಚೆನ್ನಾಗಿರುವ ಇನ್ಸುಲಿನ್ ಹಾಗೇ ಇರುತ್ತದೆ. ಹಾಲಿನ ಹಾಗೆ ಒಡೆಯಲ್ಲ, ವಾಸನೆ ಬರಲ್ಲ. ಸಕ್ಕರೆ ಏರಿದಾಗಲೇ ಗೊತ್ತಾಗೋದು.

2019ರ ಆಗಸ್ಟಿನಲ್ಲಿ ಇದು ನಮಗೆ ಪಾಠವಾಯಿತು. ಆಗ ಡಬ್ಬಿ ಇರಲಿಲ್ಲ. ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ತಗ್ಗಿನ ಓಣಿಗಳಿಗೆ ನೀರು ನುಗ್ಗಿತು. ಅಕ್ಕ ಅವ್ವನನ್ನು ಕರೆದುಕೊಂಡು ಎತ್ತರದಲ್ಲಿದ್ದ ಬೀಗರ ಮನೆಗೆ ಹೋದಳು. ಇನ್ಸುಲಿನ್ ಬಾಟಲಿಗಳು ಸ್ಟೀಲ್ ಡಬ್ಬಿಯಲ್ಲಿ, ಒದ್ದೆ ಬಟ್ಟೆ ಸುತ್ತಿಕೊಂಡು ಹೋದವು. ಒದ್ದೆ ಬಟ್ಟೆಯ ಉಪಾಯ ಬೇಸಿಗೆಯ ಒಣ ಗಾಳಿಯಲ್ಲಿ ನಡೆಯುತ್ತದೆ, ನೀರು ಆರುತ್ತಾ ಆರುತ್ತಾ ಬಿಸಿ ಎಳೆದುಕೊಂಡು ಹೋಗುತ್ತದೆ. ಮಡಕೆಯ ನೀರು ತಂಪಾಗುವುದೂ ಹೀಗೇ. ಎಂಟು ದಿನ ಹಿಡಿದ ಮಳೆಯಲ್ಲಿ ಗಾಳಿಯೇ ಒದ್ದೆ, ಬಟ್ಟೆ ಆರುವುದೆಲ್ಲಿಂದ? ಕೊನೆಗೆ ಆ ಬಾಟಲಿಗಳು ಚಲೋ ಇದ್ದವೋ ಕೆಟ್ಟಿದ್ದವೋ ಹೇಳುವವರು ಯಾರೂ ಇರಲಿಲ್ಲ. ರಸ್ತೆ ತೆರೆದ ಮೇಲೆ ಎಲ್ಲವನ್ನೂ ಎಸೆದು ಹೊಸದು ತಂದರು.

ಹಾಗಾಗಿ ಡಬ್ಬಿ ಕೊಳ್ಳುವಾಗ ಅಗ್ಗದ ಜಾತಿಯದನ್ನು ಬಿಟ್ಟೆವು. ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಹಗುರಾದ ಕೂಲರುಗಳಿರುತ್ತವಲ್ಲ, ಅವು ಪೆಲ್ಟಿಯರ್ ಬಿಲ್ಲೆಯವು. ಕರೆಂಟು ಹರಿಸಿದರೆ ಆ ಬಿಲ್ಲೆಯ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿ. ಹೊರಗಿನ ಗಾಳಿಗಿಂತ 15ರಿಂದ 20 ಡಿಗ್ರಿ ಕಡಿಮೆ ಮಾಡುವುದು ಅದರ ಮಿತಿ. ಊಟಿಯಲ್ಲಿ ಅದು ಫ್ರಿಜ್ಜು. ಏಪ್ರಿಲ್ ತಿಂಗಳ ಗೋಕಾಕದಲ್ಲಿ, ಹೊರಗೆ 38 ಇರುವಾಗ, ಅದರೊಳಗೆ 18ರಿಂದ 23. ಕಂಪ್ರೆಸರಿನದಾದರೆ ಮನೆಯ ಫ್ರಿಜ್ಜಿನ ತತ್ವವೇ, ಹೊರಗೆ ಎಷ್ಟೇ ಬಿಸಿ ಇದ್ದರೂ 5 ಡಿಗ್ರಿಗೆ ಇಳಿಯುತ್ತದೆ. ಆದರೆ ಕಂಪ್ರೆಸರ್ ಅಂದರೆ ಮೋಟಾರು, ಎಣ್ಣೆ, ಗ್ಯಾಸು, ಫ್ಯಾನು, ರಬ್ಬರು. ಅಂದರೆ ಸುಮ್ಮನೆ ಇಟ್ಟರೂ ಕೆಡಬಲ್ಲ ವಸ್ತು.

ಇಲ್ಲಿ ಅತ್ತಿ ಬರುತ್ತಾಳೆ. ಅತ್ತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸಬಾಯಿ ಆಗಿದ್ದವಳು. 1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾದಾಗಿನಿಂದ ನಿವೃತ್ತಿಯ ತನಕ ಹೆಗಲಿಗೆ ಲಸಿಕೆ ಪೆಟ್ಟಿಗೆ ಹಾಕಿಕೊಂಡು ಹಳ್ಳಿ ತಿರುಗಿದವಳು. ಆ ಪೆಟ್ಟಿಗೆಗೆ ಕರೆಂಟಿಲ್ಲ, ಕಂಪ್ರೆಸರಿಲ್ಲ. ನಾಲ್ಕು ಗೋಡೆಗೆ ನಾಲ್ಕು ಐಸ್ ಪ್ಯಾಕು, ನಡುವೆ ಲಸಿಕೆ. ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದವರೇ ಹಾಕುವ ಹಾಗಿಲ್ಲ. ಹೊರಗಿಟ್ಟು, ಕಿವಿ ಹತ್ತಿರ ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಬೇಕು, ಆಮೇಲೆ ಹಾಕಬೇಕು. ಇಲ್ಲದಿದ್ದರೆ ಹೆಪ್ಪುಗಟ್ಟಿದರೆ ಕೆಡುವ ಲಸಿಕೆಗಳು ಚಳಿಗೇ ಸಾಯುತ್ತವೆ. ಸಂಜೆ ವಾಪಸು ಬಂದ ಮೇಲೆ ಪೆಟ್ಟಿಗೆ ತೊಳೆದು, ಒರೆಸಿ, ಮುಚ್ಚಳ ತೆರೆದಿಟ್ಟು ಒಣಗಿಸಬೇಕು. ಕೇಂದ್ರದ ದೊಡ್ಡ ಫ್ರಿಜ್ಜಿನ ಉಷ್ಣಾಂಶವನ್ನು ದಿನಕ್ಕೆ ಎರಡು ಸಲ ಬರೆದಿಡಬೇಕು, ಹಬ್ಬ ಇರಲಿ ಹುಣ್ಣಿಮೆ ಇರಲಿ.

ಕ್ಯಾಂಪಿಂಗ್ ಅನ್ನೋ ಪದವನ್ನೇ ಬಳಸದ ಅತ್ತಿಗೆ ಕ್ಯಾಂಪಿಂಗ್ ಫ್ರಿಜ್ಜನ್ನು ಹೇಗೆ ನೋಡಿಕೊಳ್ಳಬೇಕು ಅನ್ನೋದು ನಮಗಿಂತ ಮೊದಲೇ ಗೊತ್ತಿತ್ತು. ಮೊದಲ ಟ್ರಿಪ್ಪಿನಿಂದ ಡಬ್ಬಿ ಅವಳ ಮನೆಗೆ ಬಂದಾಗ ಮುಚ್ಚಳ ತೆರೆದು ಮೂಸಿ ನೋಡಿದಳು. "ಹಸಿ ಇದ್ದಾಗ ಮುಚ್ಚಿದ್ರ ಇದು ಡಬ್ಬಿ ಅಲ್ಲ, ಬೂಸ್ಟಿನ ಗಡಿಗಿ ಆಗ್ತೈತಿ" ಅಂದು ಸೀರೆ ಸೆರಗು ಸಿಕ್ಕಿಸಿದಳು. ಅವತ್ತು ಅವಳು ಮಾಡಿದ್ದೇ ಇವತ್ತಿಗೂ ನಾಲ್ಕು ಮನೆಯ ಕಾಯ್ದೆ.

ಪ್ಲಗ್ ತೆಗೆದು, ಖಾಲಿ ಮಾಡಿ, ಗೋಡೆಗೆ ಹತ್ತಿದ ಹಿಮ ತಾನಾಗೇ ಕರಗುವ ತನಕ ಕಾಯಬೇಕು. ಚಾಕು, ಚಮಚ ಹಾಕಿ ಕೆರೆಯಕೂಡದು. ಗೋಡೆಯ ತೆಳು ತಗಡಿನ ಹಿಂದೆಯೇ ಗ್ಯಾಸಿನ ನಳಿಕೆ ಇರುತ್ತದೆ, ಒಂದು ಸಣ್ಣ ತೂತು ಬಿದ್ದರೆ ಫ್ರಿಜ್ಜು ಬರೀ ಪೆಟ್ಟಿಗೆ. ಕರಗಿದ ನೀರನ್ನು ಬಟ್ಟೆಯಿಂದ ಹೀರಿ ತೆಗೆಯಬೇಕು, ಕೆಳಗೆ ನೀರು ಹೋಗುವ ಬಿರಡೆ ಇದ್ದರೆ ಬಿಚ್ಚಬೇಕು. ಒಂದು ಲೀಟರ್ ಉಗುರುಬೆಚ್ಚನೆ ನೀರಿಗೆ ಎರಡು ಚಮಚ ಅಡುಗೆ ಸೋಡಾ, ಹಳೇ ಧೋತರದ ತುಂಡು. ಸೋಪಿನ ಪುಡಿ, ಫಿನಾಯಿಲು ಬೇಡ, ಪ್ಲಾಸ್ಟಿಕ್ಕು ಆ ವಾಸನೆಯನ್ನು ತಿಂಗಳುಗಟ್ಟಲೆ ಬಿಡಲ್ಲ. ಮೀನು ತಂದ ಸಲ ಇದನ್ನೇ ಎರಡು ಸುತ್ತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯೋದು ಮುಚ್ಚಳದ ರಬ್ಬರ್ ಪಟ್ಟಿ. ಅದರ ಮಡಿಕೆಗಳಲ್ಲಿ ಹಾಲಿನ ಹನಿ, ಸಕ್ಕರೆ, ಮಣ್ಣು ಎಲ್ಲ ಸೇರಿಕೊಂಡಿರುತ್ತವೆ. ಕಡ್ಡಿಗೆ ಬಟ್ಟೆ ಸುತ್ತಿ ಮಡಿಕೆ ಮಡಿಕೆ ಒರೆಸಬೇಕು. ಈ ಪಟ್ಟಿ ಒಂದು ಕಡೆ ಸೀಳಿದರೂ ಸೊಟ್ಟಗಾದರೂ ತಂಪು ಸೋರುತ್ತದೆ, ಕಂಪ್ರೆಸರ್ ಹಗಲು ರಾತ್ರಿ ಓಡುತ್ತದೆ. ಪರೀಕ್ಷೆ ಸುಲಭ: ಹತ್ತು ರೂಪಾಯಿ ನೋಟನ್ನು ಮುಚ್ಚಳಕ್ಕೆ ಸಿಕ್ಕಿಸಿ ಎಳೆಯಿರಿ. ಬಿಗಿ ಇದ್ದರೆ ಚಲೋ, ಸಲೀಸಾಗಿ ಬಂದರೆ ಅಲ್ಲಿ ಸಂದಿ ಇದೆ.

ಒಣಗಿದ ಮೇಲೆ ಮುಚ್ಚಳ ಪೂರ್ತಿ ಹಾಕಬಾರದು. ಹೊಸಬರು ಇಲ್ಲೇ ಎಡವೋದು, ಧೂಳು ಹೋಗಬಾರದು ಅಂತ ಗಟ್ಟಿಯಾಗಿ ಮುಚ್ಚಿ, ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿಬಿಡುತ್ತಾರೆ. ಒಳಗೆ ಉಳಿದ ಎರಡು ಹನಿ ನೀರಿಗೆ ಅಷ್ಟೇ ಸಾಕು. ಒಂದು ಬೆರಳು ಹಿಡಿಸುವಷ್ಟು ಸಂದಿ ಇರುವ ಹಾಗೆ ಮುಚ್ಚಳಕ್ಕೆ ಏನಾದರೂ ಅಡ್ಡ ಇಡಬೇಕು. ನಮ್ಮಲ್ಲಿ ಬಟ್ಟೆ ಒಣಗಿಸುವ ಕ್ಲಿಪ್ಪು. ಮೇಲೆ ತೆಳು ಹತ್ತಿ ಬಟ್ಟೆ ಹೊದಿಸಿದರೆ ಧೂಳೂ ಇಲ್ಲ, ಉಸಿರೂ ಆಡುತ್ತದೆ. ಒಳಗೆ ಒಂದು ಬಟ್ಟಲಲ್ಲಿ ಇದ್ದಿಲು ಇಟ್ಟರೆ ವಾಸನೆ ಹೀರಿಕೊಳ್ಳುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಡಬ್ಬಿ ಅವರ ಕೈಗೆ ಎಟುಕದ ಕಡೆ ಇರಬೇಕು, ಅಡಗಿ ಕೂರುವ ಆಟಕ್ಕೆ ಇದು ಆಗಬಾರದ ಜಾಗ.

ಇನ್ನು ಎಲ್ಲಿಡೋದು. ಆಗ ಹೇಳಿದ್ದೆನಲ್ಲ, ಮೂರು ಊರು, ಮೂರು ದೇಶ ಅಂತ.

ಹುಕ್ಕೇರಿ ಘಟ್ಟದ ಕಡೆಗೆ ಹತ್ತಿರ, ಮಳೆ ಜಾಸ್ತಿ. ಅತ್ತಿಯ ಹಳೇ ಮನೆಯ ಗೋಡೆ ದೀಪಾವಳಿ ತನಕ ತಂಪು ಹಿಡಿದಿರುತ್ತದೆ. ಅಲ್ಲಿ ಡಬ್ಬಿಗೆ ಶತ್ರು ಥಂಡಿ. ನೆಲಕ್ಕೆ ತಾಗದ ಹಾಗೆ ಕಟ್ಟಿಗೆಯ ಮಣೆ ಮೇಲೆ, ಗೋಡೆಯಿಂದ ಗೇಣು ದೂರ. ಪ್ಲಗ್ಗಿನ ಪಿನ್ನುಗಳಿಗೆ ಹಸಿರು ಕಿಲುಬು ಹತ್ತದಂತೆ ವೈರನ್ನು ಬೇರೆ ಡಬ್ಬದಲ್ಲಿ ಇಡೋದು.

ಮೂಡಲಗಿ ಕಬ್ಬಿನ ಸೀಮೆ. ಚಳಿಗಾಲ ಬಂತೆಂದರೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು, ಗಾಳಿ ತುಂಬ ರವದಿ ಸುಟ್ಟ ಬೂದಿ, ಧೂಳು. ಫ್ರಿಜ್ಜಿನ ಬದಿಯ ಜಾಲರಿ ಹಿಂದೆ ಕಂಡೆನ್ಸರ್ ಇರುತ್ತದೆ, ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುವುದು ಅದೇ. ಅದಕ್ಕೆ ಧೂಳು ಮೆತ್ತಿದರೆ ಬಿಸಿ ಹೋಗಲ್ಲ. ಜೊತೆಗೆ ಇರುವೆ, ಜೊತೆಗೆ ಇಲಿ. ಇಲಿಗೆ ವೈರಿನ ರಬ್ಬರು ಅಂದರೆ ಕಬ್ಬಿಗಿಂತ ರುಚಿ. ತಮ್ಮ ಡಬ್ಬಿಯನ್ನು ಕಬ್ಬಿಣದ ಸ್ಟೂಲಿನ ಮೇಲಿಟ್ಟು ನಾಲ್ಕು ಕಾಲಿಗೂ ನೀರಿನ ಬಟ್ಟಲು ಕೊಟ್ಟಿದ್ದಾನೆ. ನೋಡಿದವರು ಒಳಗೆ ಏನೋ ತುಪ್ಪ ಇದೆ ಅಂದುಕೊಳ್ಳಬೇಕು.

ಗೋಕಾಕದ ಮನೆಗೆ ಎರಡು ಭಯ, ಬೇಸಿಗೆಯಲ್ಲಿ ಬಿಸಿ, ಮಳೆಗಾಲದಲ್ಲಿ ಹೊಳೆ. ಸುತ್ತಲಿನ ಕಲ್ಲುಗುಡ್ಡ ಕಾದರೆ ತಾರಸಿ ಕೆಳಗಿನ ಕೋಣೆ ರಾತ್ರಿ ಹತ್ತಾದರೂ ಆರಲ್ಲ, ಹಾಗಾಗಿ ಬೇಸಿಗೆಯಲ್ಲಿ ಕೆಳಗಿನ ಮನೆ. ಜೂನ್ ಬಂದರೆ ಡಬ್ಬಿ ಮೇಲಿನ ಮಹಡಿ ಹತ್ತುತ್ತದೆ. ಮಾರ್ಚಿನಿಂದ ಸೆಪ್ಟೆಂಬರ್ ತನಕ ಡಬ್ಬಿ ಅಲ್ಲೇ ಇರಬೇಕು ಅನ್ನೋದು ನಾಲ್ಕೂ ಮನೆಯ ಒಪ್ಪಂದ, ಯಾಕೆಂದರೆ ಆಗಲೇ ಕರೆಂಟಿನ ಮೇಲೆ ಭರವಸೆ ಕಡಿಮೆ, ಅವ್ವ ಇರೋದೂ ಅಲ್ಲೇ. ಅಕ್ಟೋಬರಿನಿಂದ ಅತ್ತಿ ಮತ್ತು ತಮ್ಮನ ಪಾಳಿ. ಟ್ರಿಪ್ಪುಗಳು ನಡುವೆ ಬರುತ್ತವೆ, ಹೋಗುತ್ತವೆ.

ಊರಿಂದ ಊರಿಗೆ ಸಾಗಿಸುವಾಗ ಒಂದೇ ನಿಯಮ: ನೆಟ್ಟಗೆ. ಕಂಪ್ರೆಸರಿನ ಹೊಟ್ಟೆಯಲ್ಲಿ ಎಣ್ಣೆ ಇರುತ್ತದೆ. ಅಡ್ಡ ಮಲಗಿಸಿದರೆ ಅದು ಗ್ಯಾಸಿನ ನಳಿಕೆಗೆ ಹರಿದುಬಿಡಬಹುದು, ಎಣ್ಣೆಯಿಲ್ಲದ ಮೋಟಾರು ಎಷ್ಟು ದಿನ ಬಾಳೀತು. ಅಕಸ್ಮಾತ್ ಯಾರಾದರೂ ಮಲಗಿಸಿ ತಂದಿದ್ದರೆ ನೆಟ್ಟಗೆ ನಿಲ್ಲಿಸಿ, ಆ ರಾತ್ರಿ ಚಾಲೂ ಮಾಡದೆ ಬಿಡಬೇಕು. ಎಣ್ಣೆ ತನ್ನ ಜಾಗಕ್ಕೆ ಇಳಿಯುತ್ತದೆ.

ತಿಂಗಳಿಗೊಮ್ಮೆ ಚಾಲೂ ಮಾಡುವುದಂತೂ ತಪ್ಪಿಸಕೂಡದು. ತಿಂಗಳುಗಟ್ಟಲೆ ಓಡದ ಕಂಪ್ರೆಸರಿನಲ್ಲಿ ಎಣ್ಣೆ ತಳಕ್ಕೆ ಕೂತಿರುತ್ತದೆ, ಓಡಿಸಿದರೆ ಎಲ್ಲ ಕಡೆ ಹರಿದಾಡುತ್ತದೆ. ನನ್ನಂಥವರು ಇದಕ್ಕೆ ಮೊಬೈಲಿನಲ್ಲಿ ರಿಮೈಂಡರ್ ಹಾಕುತ್ತೇವೆ, ಅದು ಕೂಗಿದಾಗ ಮೀಟಿಂಗಿನಲ್ಲಿರುತ್ತೇವೆ. ಅತ್ತಿ ಹೇಳಿದ್ದು, "ಅಮಾಸಿ ಅಮಾಸಿ ಚಾಲೂ ಮಾಡ್ರಿ." ನಮ್ಮ ಕಡೆ ಅಮಾವಾಸ್ಯೆ ಅಂದರೆ ಗಾಡಿಗಳ ದಿನ. ಟ್ರ್ಯಾಕ್ಟರ್, ಬೈಕು, ಕಾರು ಎಲ್ಲ ತೊಳೆದು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಕಾಯಿ ಒಡೆಯುತ್ತಾರೆ. ದೇವರಲ್ಲಿ ನಂಬಿಕೆ ಇರಲಿ ಬಿಡಲಿ, ತಿಂಗಳಿಗೊಮ್ಮೆ ಯಂತ್ರವನ್ನು ಕಣ್ಣಿಟ್ಟು ನೋಡುವ ಪದ್ಧತಿ ಇದು. ಡಬ್ಬಿಯೂ ಆ ಸಾಲಿನಲ್ಲಿ ಸೇರಿಕೊಂಡಿತು.

ಅಮಾವಾಸ್ಯೆ ದಿನ ಕೆಲಸ ಇಷ್ಟು. 5 ಡಿಗ್ರಿಗೆ ಹೊಂದಿಸಿ ಎರಡು ತಾಸು ಓಡಿಸುವುದು. ಒಳಗೆ ಬೇರೆಯದೇ ಒಂದು ಥರ್ಮಾಮೀಟರ್ ಇಡುವುದು, ಯಾಕೆಂದರೆ ಡಬ್ಬಿಯ ಮುಖದ ಮೇಲಿನ ಅಂಕಿ ಅದರ ಸೆನ್ಸರ್ ಇರುವ ಜಾಗದ್ದು, ಇನ್ಸುಲಿನ್ ಇರುವ ಜಾಗದ್ದಲ್ಲ. ಎಷ್ಟು ನಿಮಿಷಕ್ಕೆ 5 ಮುಟ್ಟಿತು ಅಂತ ವಹಿಯಲ್ಲಿ ಬರೆಯುವುದು. ಒಂದು ತಾಸು ಮನೆಯ ಪ್ಲಗ್ಗಿನಲ್ಲಿ, ಒಂದು ತಾಸು ಕಾರಿನ ವೈರಿನಲ್ಲಿ. ಆಮೇಲೆ ಒರೆಸಿ, ಒಣಗಿಸಿ, ಕ್ಲಿಪ್ಪು ಸಿಕ್ಕಿಸುವುದು.

ವಹಿಯಲ್ಲಿ ಬರೆಯುವುದು ಮೊದಮೊದಲು ನಮಗೆ ನಗುವ ವಿಷಯವಾಗಿತ್ತು. ಒಂದು ಚಳಿಗಾಲ ಡಬ್ಬಿ ಮೂಡಲಗಿಯಲ್ಲಿದ್ದಾಗ ಆ ಅಂಕಿಗಳು 42, 44, 51, 66 ಅಂತ ಏರುತ್ತಾ ಹೋದವು. ಕೈಯಿಟ್ಟು ನೋಡಿದರೆ ಡಬ್ಬಿ ತಣ್ಣಗೇ ಇದೆ, ಸದ್ದೂ ಮಾಮೂಲಿ. ವಹಿ ಇಲ್ಲದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಮ್ಮ ಜಾಲರಿ ಬಿಚ್ಚಿದ. ಹಿಂದೆ ಬೂದಿ ಮತ್ತು ಧೂಳಿನ ಕಂಬಳಿಯೇ ಇತ್ತು. ಪೇಂಟಿನ ಬ್ರಷ್ಷಿನಿಂದ ಮೆಲ್ಲಗೆ ಝಾಡಿಸಿದ. ಮುಂದಿನ ಅಮಾವಾಸ್ಯೆಗೆ 43.

ಇನ್ನೊಂದು ಸಲ, ಜೂನ್ ತಿಂಗಳು, ಗೋಕಾಕದಲ್ಲಿ. ಮನೆಯ ಪ್ಲಗ್ಗಿನಲ್ಲಿ ಓಡಿದ ಡಬ್ಬಿ ಕಾರಿನ ವೈರಿಗೆ ಹಾಕಿದರೆ ಸತ್ತಂತೆ ಕೂತಿತು. ಕಾರಿನ ಪ್ಲಗ್ಗಿನ ಮೂತಿಯನ್ನು ತಿರುಗಿಸಿ ಬಿಚ್ಚಿದರೆ ಒಳಗೊಂದು ಸಣ್ಣ ಗಾಜಿನ ಫ್ಯೂಸು ಇರುತ್ತದೆ, ಅದು ಹೋಗಿತ್ತು. ಅಕ್ಕ ಬಜಾರಿನಿಂದ ಅಷ್ಟೇ ಆಂಪಿಯರಿನ ಫ್ಯೂಸು ತಂದು ಹಾಕಿದಳು. ಮೇಲೆ ಎರಡು ಹೆಚ್ಚಿಗೆ ತಂದು ಡಬ್ಬಿಗೇ ಟೇಪಿನಿಂದ ಅಂಟಿಸಿದಳು. ದೊಡ್ಡ ಆಂಪಿಯರಿನದು ಹಾಕಿದರೆ ಫ್ಯೂಸು ಉಳಿಯುತ್ತದೆ, ವೈರು ಸುಡುತ್ತದೆ. ಆದ್ದರಿಂದ ಅಷ್ಟೇ ಇರಬೇಕು.

ಆ ಫ್ಯೂಸಿನ ಬೆಲೆ ತಿಳಿದದ್ದು ಮರುತಿಂಗಳು. ನಾಲ್ಕು ದಿನ ಹಿಡಿದ ಮಳೆ, ಗಾಳಿಗೆ ಮರ ಬಿದ್ದು ತಂತಿ ಹರಿದು ಓಣಿಗೆ ಎರಡು ರಾತ್ರಿ ಕರೆಂಟಿಲ್ಲ. ಹೊಳೆ ಏರುತ್ತಿದೆ ಅನ್ನೋ ಸುದ್ದಿ ಬೇರೆ. ಅವ್ವನ ಮೂರು ತಿಂಗಳ ಇನ್ಸುಲಿನ್ ಹಿಂದಿನ ವಾರವಷ್ಟೇ ಬಂದಿತ್ತು. ಮನೆಯ ದೊಡ್ಡ ಫ್ರಿಜ್ಜನ್ನು ಇನ್ವರ್ಟರಿಗೆ ಹಾಕುವ ಹಾಗಿಲ್ಲ, ಅದರ ಕಂಪ್ರೆಸರ್ ಶುರುವಾಗುವ ಹೊತ್ತಿಗೆ ಎಳೆಯುವ ಕರೆಂಟನ್ನು ಆ ಇನ್ವರ್ಟರ್ ತಡೆಯಲ್ಲ. ಡಬ್ಬಿ ಓಡುವಾಗ ಎಳೆಯೋದು 50 ವ್ಯಾಟಿನ ಆಚೀಚೆ, ಅದೂ ಮಳೆಗಾಲದ ತಂಪಿಗೆ ಬಿಟ್ಟು ಬಿಟ್ಟು ಓಡುತ್ತದೆ. ಅಕ್ಕ ಕ್ಲಿಪ್ಪು ತೆಗೆದು, 5 ಡಿಗ್ರಿಗೆ ಹಚ್ಚಿ, ನೀರಿನ ಬಾಟ್ಲಿಗಳನ್ನು ಸುತ್ತ ಜೋಡಿಸಿ, ನಡುವೆ ಟವೆಲ್ಲು ಸುತ್ತಿದ ಪ್ಲಾಸ್ಟಿಕ್ ಡಬ್ಬದಲ್ಲಿ ಇನ್ಸುಲಿನ್ ಇಟ್ಟಳು. ಗೋಡೆಗೆ ತಾಗಿದರೆ ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸುವ ಹಾಗಿಲ್ಲ.

ಎರಡನೇ ರಾತ್ರಿ ಇನ್ವರ್ಟರ್ ಕೀ ಕೀ ಅಂದು ಮಲಗಿತು. ಭಾವ ಡಬ್ಬಿಯನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿಟ್ಟ. ಕಾರಿನ ವೈರು, ಹೊಸ ಫ್ಯೂಸು. ಡಬ್ಬಿಯಲ್ಲಿ ಬ್ಯಾಟರಿ ಕಾಯುವ ಮೂರು ಹಂತಗಳಿರುತ್ತವೆ. ಅದನ್ನು ಮೇಲಿನ ಹಂತಕ್ಕಿಟ್ಟರೆ ಕಾರು ಸ್ಟಾರ್ಟ್ ಆಗುವಷ್ಟು ಚಾರ್ಜು ಉಳಿದಿರುವಾಗಲೇ ಫ್ರಿಜ್ಜು ತಾನೇ ನಿಲ್ಲುತ್ತದೆ. ನಿಂತಾಗ ಭಾವ ಛತ್ರಿ ಹಿಡಿದುಕೊಂಡು ಹೋಗಿ ಅಂಗಳದಲ್ಲಿ ಅರ್ಧ ತಾಸು ಇಂಜಿನ್ ಓಡಿಸಿ ಬರುತ್ತಿದ್ದ. ಬೆಂಗಳೂರಿನಲ್ಲಿ ಕೂತ ನನಗೆ ಅಕ್ಕನಿಂದ ತಾಸಿಗೊಂದು ಮೆಸೇಜು ಬರುತ್ತಿತ್ತು. ಬರೀ ಅಂಕಿ. 5. 6. 5. 5. 7. 5. ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಬಂತು. ಒಂದು ಬಾಟಲಿಯನ್ನೂ ಎಸೆಯಲಿಲ್ಲ.

ಅದೇ ಫ್ಯೂಸು ಜೂನ್ ಅಮಾವಾಸ್ಯೆಗೆ ಸಿಗದೆ ಆ ರಾತ್ರಿ ಸಿಕ್ಕಿದ್ದರೆ? ಮಳೆಯಲ್ಲಿ, ಕತ್ತಲಲ್ಲಿ, ಮುಚ್ಚಿದ ಬಜಾರಿನಲ್ಲಿ. ಟ್ರಿಪ್ಪಿಲ್ಲದ ದಿನ ಸಿಕ್ಕ ದೋಷ ಅರ್ಧ ದಿನದ ಕೆಲಸ. ಬೇಕಾದ ದಿನ ಸಿಕ್ಕರೆ ಅದೇ ದೋಷ ಗಂಡಾಂತರ.

ಇನ್ನೆರಡು ಮಾತು ಬೇಗ ಹೇಳಿಬಿಡ್ತೀನಿ. ನಿಮ್ಮದು ಬ್ಯಾಟರಿ ಒಳಗೇ ಇರುವ ಮಾದರಿಯಾದರೆ, ಆ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬೇಡಿ, ಪೂರ್ತಿ ಖಾಲಿ ಮಾಡಿಯೂ ಇಡಬೇಡಿ. ಅರ್ಧದ ಆಸುಪಾಸು ಇಟ್ಟು, ಎರಡು ಮೂರು ತಿಂಗಳಿಗೊಮ್ಮೆ ನೋಡಿ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲಿ ಫ್ರಿಜ್ಜು ಬಿಟ್ಟುಬಿಡೋದು ಬ್ಯಾಟರಿಗೂ ರಬ್ಬರಿಗೂ ಕೇಡು. ಇನ್ನೊಂದು, ಹಿಂದಿನ ಲೇಬಲ್ಲಿನಲ್ಲಿ ಗ್ಯಾಸಿನ ಹೆಸರಿರುತ್ತದೆ. ಆರ್-600ಎ ಅಂತಿದ್ದರೆ ಅದು ಐಸೋಬ್ಯುಟೇನ್, ಸ್ವಲ್ಪವೇ ಇದ್ದರೂ ಉರಿಯುವಂಥದ್ದು. ಒಲೆ ಪಕ್ಕ, ದೇವರ ದೀಪದ ಪಕ್ಕ ಬೇಡ, ಗಾಳಿಯಾಡುವ ಕಡೆ ಇರಲಿ. ಆರ್-134ಎ ಅಂತಿದ್ದರೆ ಉರಿಯಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟು ಮೇಲೆ. ಕೆಟ್ಟಾಗ ಗುಜರಿಯವನಿಗೆ ಕೊಟ್ಟು ಒಡೆಸದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಕಳೆದ ಸಲ ಊರಿಗೆ ಹೋದಾಗ ಆ ವಹಿಯನ್ನು ಮೊದಲ ಪುಟದಿಂದ ತಿರುವಿ ನೋಡಿದೆ. ಅತ್ತಿಯ ದುಂಡಕ್ಷರ, ದಿನಾಂಕದ ಜೊತೆ ತಿಥಿ. ತಮ್ಮನ ಓರೆ ಅಕ್ಷರ, ಪಕ್ಕದಲ್ಲಿ ಆವತ್ತಿನ ಕಬ್ಬಿನ ಲೋಡಿನ ಲೆಕ್ಕ. ಅಕ್ಕನದು ಬರೀ ಅಂಕಿ. ನನ್ನ ಅಕ್ಷರ ನಾಲ್ಕೋ ಐದೋ ಕಡೆ, ಎಲ್ಲವೂ ಟ್ರಿಪ್ಪಿನ ದಿನಗಳದ್ದು: ಹಿಡಕಲ್ ಹಿನ್ನೀರು, ಗೊಡಚಿನಮಲ್ಕಿ, ದಾಂಡೇಲಿ. ಫೋಟೋಗಳಲ್ಲಿ ಡಬ್ಬಿಯ ಪಕ್ಕ ನಾನೇ ಜಾಸ್ತಿ ಇದ್ದೀನಿ. ವಹಿಯಲ್ಲಿ ಅವರು ಜಾಸ್ತಿ ಇದ್ದಾರೆ.

ಪಾಲು ಸಮ ಸಮ ಹಾಕಿದ್ದು ನಿಜ. ಆದರೂ ಡಬ್ಬಿ ಯಾರದು ಅಂತ ಯಾರಾದರೂ ಕೇಳಿದರೆ ನಾನು ಆ ವಹಿ ತೋರಿಸಬೇಕಾಗುತ್ತದೆ. ನಮ್ಮಲ್ಲಿ ಬಹಳ ಜನರ ಮಟ್ಟಿಗೆ ಊರು ಅನ್ನೋದೇ ವರ್ಷಕ್ಕೆ ನಾಲ್ಕು ಟ್ರಿಪ್ಪು. ಯುಗಾದಿ, ಪಂಚಮಿ, ದೀಪಾವಳಿ, ಒಂದು ಮದುವೆ. ನಾವು ಹೋದಾಗ ಮನೆ ತಂಪಾಗಿರುತ್ತದೆ, ಅವ್ವ ನಗುತ್ತಿರುತ್ತಾಳೆ, ಔಷಧಿ ಡಬ್ಬದಲ್ಲಿ ಎಲ್ಲ ಜಾಗದಲ್ಲಿರುತ್ತದೆ. ಉಳಿದ 353 ದಿನ ಯಾರೋ ಒರೆಸಿ, ಒಣಗಿಸಿ, ಮುಚ್ಚಳಕ್ಕೆ ಕ್ಲಿಪ್ಪು ಸಿಕ್ಕಿಸಿ ಇಟ್ಟಿರುವುದರಿಂದ.

ನಿಮ್ಮ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಇಂಥದ್ದೊಂದು ಇದ್ದರೆ ಇವತ್ತು ಸಂಜೆ ಕೆಳಗಿಳಿಸಿ. ಮುಚ್ಚಳ ತೆರೆದು ಮೂಸಿ ನೋಡಿ, ಒರೆಸಿ, ಎರಡು ತಾಸು ಓಡಿಸಿ, ಅಂಕಿ ಬರೆದಿಡಿ. ಮುಂದಿನ ಟ್ರಿಪ್ಪು ಯಾವಾಗ ಅಂತ ಗೊತ್ತಿಲ್ಲದಿದ್ದರೂ ಮುಂದಿನ ಅಮಾವಾಸ್ಯೆ ಯಾವಾಗ ಅನ್ನೋದು ಕ್ಯಾಲೆಂಡರಿನಲ್ಲಿದೆ.